ಒಂದು ಹುಬ್ಬಿನ ಆರತಕ್ಷತೆ

ನೀಲಗಂಗಾಳ ಬಲಗೈ ಹೆಬ್ಬೆರಳು ಕೆಲಸದ ನಡುವೆಯೇ ನಿಂತುಹೋಯಿತು. ಹಲ್ಲಲ್ಲಿ ಕಚ್ಚಿದ್ದ ದಾರ ಸಡಿಲವಾಯಿತು. ಕುರ್ಚಿಗೆ ಒರಗಿದ್ದ ಮದುಮಗಳ ಎಡಹುಬ್ಬು ಸಣ್ಣಗೆ, ಚೊಕ್ಕವಾಗಿ ಮುಗಿದಿತ್ತು. ಬಲಹುಬ್ಬನ್ನು ಇನ್ನೂ ಮುಟ್ಟಿರಲಿಲ್ಲ.

"ಹಿಡೀತ್ರಿ ನಿಮ್ಮ ಪಟ್ಟಿ," ಎಂದಳು ನೀಲಗಂಗಾ.

ಆ ಪಟ್ಟಿಯನ್ನು ಕಂಡುಹಿಡಿದವಳೇ ಮದುಮಗಳು, ಡಾ. ಇಂಚರಾ ಹಂಚಿನಾಳ. ಅದು 2056ರ ಹುಬ್ಬಳ್ಳಿ. ಫೋನುಗಳು ಕಾಗದದಷ್ಟು ತೆಳ್ಳಗಾಗಿದ್ದವು, ಹೆಬ್ಬೆರಳು ಮಾತ್ರ ಹಳೆಯದೇ. ಅದನ್ನು ಎತ್ತುವ ಸ್ನಾಯುರಜ್ಜುಗಳು, ಅಂದರೆ ಸ್ನಾಯುವನ್ನು ಎಲುಬಿಗೆ ಕಟ್ಟುವ ಹುರಿಗಳು, ಮಣಿಕಟ್ಟಿನಲ್ಲಿ ಒಂದು ಇಕ್ಕಟ್ಟಾದ ಪೊರೆಯೊಳಗಿಂದ ಹಾಯುತ್ತವೆ. ಉಜ್ಜಿ ಉಜ್ಜಿ ಪೊರೆ ಬಾತರೆ ಲೋಟ ಎತ್ತಲೂ ಆಗದಷ್ಟು ನೋವು. ಇಂಚರಾಳ ಪಟ್ಟಿ ಮುಂಗೈ ಮೇಲೆ ಕೂತು ಧ್ವನಿತರಂಗಗಳಿಂದ ಆ ಬಾವನ್ನು ಅಳೆಯುತ್ತಿತ್ತು. ಮಿತಿ ಮೀರಿದರೆ ಬೆರಳಿಗೆ ಹೋಗುವ ನರದ ಸಂದೇಶವನ್ನು ಕೆಲವು ಗಂಟೆ ತಡೆಯುತ್ತಿತ್ತು. ಬೇಕೆಂದಾಗ ಬಿಚ್ಚಬಹುದಾಗಿದ್ದ ಮೊದಲ ಪಟ್ಟಿಗಳನ್ನು ಜನ ಬಿಚ್ಚಿ ಮೇಜಿನ ಮೇಲಿಟ್ಟರು. ಹಾಗಾಗಿ ಪರೀಕ್ಷೆಗೆಂದು ನೀಲಗಂಗಾಳಂಥ ಕೆಲವರಿಗೆ ತೊಡಿಸಿದ್ದ ಈ ಪಟ್ಟಿಗಳ ಕೀಲಿ ಇಂಚರಾಳ ಫೋನಿನಲ್ಲಿತ್ತು.

"ಒಂದ್ ಸ್ವಲ್ಪ ತೆಗೀರಿ ಡಾಕ್ಟರ್. ಸಂಜಿಗೆ ಆರತಕ್ಷತೆ ನಿಮ್ದೈತಿ, ನಂದಲ್ಲ."

ಇಂಚರಾ ಫೋನು ನೋಡಿದಳು. ನೀಲಗಂಗಾಳ ಪೊರೆ ಕೆಟ್ಟದಾಗಿ ಬಾತಿತ್ತು. ಆ ಮಣಿಕಟ್ಟನ್ನು ಈಗಾಗಲೇ ಒಮ್ಮೆ ಕೊಯ್ದಿದ್ದರು. ಇನ್ನೊಮ್ಮೆ ಕೊಯ್ದರೆ ದಾರ ಹಿಡಿಯುವ ಆಸೆ ಬಿಡಬೇಕು ಎಂದು ವೈದ್ಯರು ಹೇಳಿದ್ದರು. ದಾರ ಬಿಟ್ಟರೆ ನೀಲಗಂಗಾಳ ಪಾರ್ಲರ್ ಇಲ್ಲ.

"ಇವತ್ತ ಎಷ್ಟ್ ಮಂದಿಗೆ ಹುಬ್ಬು ತೆಗದೀರಿ ನೀಲಕ್ಕ?"

"ನೀವs ಮೊದಲಿನಾಕಿ."

"ಮತ್ತ ಬೆರಳು ಹೆಂಗ ದಣೀತು? ರೀಲ್ಸ್ ನೋಡಿದ್ರೇನು?"

"ರೀಲ್ಸ್ ನೋಡಾಕ ಪುರಸೊತ್ತೆಲ್ಲೈತ್ರಿ? ಗಿರಾಕಿಗೋಳು ಮುಂಜಾನಿಂದ ಫೋಟೋ ಕಳಸ್ತಾರ. ಹಿಂಗ ಬರ್ತೈತೇನು, ಹಂಗ ಬರ್ತೈತೇನು. ಉತ್ತರ ತಡ ಆದ್ರ ಮುಂದಿನ ಓಣಿ ಪಾರ್ಲರ್‌ಗೆ ಹೊಂಟ್ರು."

"ಬಾಯಿಲೆ ಹೇಳಿದ್ರ ಆಗಂಗಿಲ್ಲೇನು?"

"ಫೋಟೋ ಮ್ಯಾಲ ಗೆರಿ ಎಳದು ತೋರಸಬೇಕ್ರಿ. ಬಾಯಿಲೆ ಹೆಂಗ ಎಳೀಲಿ?" ಎಂದು ನೀಲಗಂಗಾ ಎಡಗೈಯಿಂದ ತನ್ನ ಫೋನು ಮುಂದೆ ಹಿಡಿದಳು. "ಇವತ್ತ ಎಲ್ಲಾರ್ಕಿಂತ ಹೆಚ್ಚು ಕಳಿಸಿದಾಕಿ ಯಾರು, ನೋಡ್ರಿಲ್ಲೆ."

ಪರದೆಯ ಉದ್ದಕ್ಕೂ ಇಂಚರಾಳದೇ ಮುಖ. ಕಮಾನು ಎತ್ತರವೇ, ತಗ್ಗೇ, ತುದಿ ಚೂಪೇ, ಮೊಂಡೇ. ಪ್ರತಿಯೊಂದರ ಮೇಲೂ ನೀಲಗಂಗಾ ಗೆರೆ ಎಳೆದು ಕಳಿಸಿದ್ದಳು.

ಇಂಚರಾ ಆ ಫೋಟೋಗಳನ್ನು ಕೊನೆಯವರೆಗೂ ಸರಿಸಿ ನೋಡಿದಳು. ಆಮೇಲೆ, "ಕೆಲಸ ಯಾವುದು, ಆಟ ಯಾವುದು ಅಂತ ಪೊರೆಗೆ ತಿಳಿಯಂಗಿಲ್ಲ. ಉಜ್ಜಿದ್ದಷ್ಟs ಅದಕ್ಕ ಗೊತ್ತು. ಬೆರಳು ನಿಮ್ದು. ತೆಗೀಲೇನು?" ಎಂದಳು.

ನೀಲಗಂಗಾ ಅಲ್ಲಾಡದ ಬೆರಳನ್ನು ನೋಡಿಕೊಂಡಳು.

"ಬ್ಯಾಡ್ರಿ. ನಿಮ್ಮ ಮದುವಿ ಒಂದಿನ. ನನಗ ಈ ಬೆರಳು ದಿನಾ ಬೇಕು." ದಾರ ಸುತ್ತಿಡುತ್ತ ಸೇರಿಸಿದಳು: "ಗಂಡನ ಬಲಕ್ಕ ನಿಂದರ್ರಿ. ಅವರಿಗರೆ ಚಲೋ ಹುಬ್ಬು ಕಾಣ್ಲಿ."

ಇಂಚರಾ ಮುಂದಿನ ಓಣಿಯ ಪಾರ್ಲರಿಗೆ ಹೋಗದೆ ಒಂದೇ ಹುಬ್ಬು ತೀಡಿಸಿಕೊಂಡು ಆರತಕ್ಷತೆಗೆ ನಿಂತಳು. ಅತ್ತೆಯ ಕಡೆಯವರು ನಕ್ಕರು. ಫೋಟೋ ಊರೆಲ್ಲ ತಿರುಗಿತು.

ಪಟ್ಟಿ ಮಾರುಕಟ್ಟೆಗೆ ಬಂದಾಗ ಅಂಗಡಿಕಾರರು, ಕಂಪನಿಗಳು ಕೆಲಸದ ವೇಳೆಯಲ್ಲಿ ಅದು ಬೆರಳು ಹಿಡಿಯದಂತೆ ವಿನಾಯಿತಿ ಕೇಳಿದರು. ಇಂಚರಾ ಕೊಡಲಿಲ್ಲ. ಅವಳು ಸೇರಿಸಿದ್ದು ಒಂದೇ ಸಾಲು. ಪಟ್ಟಿ ತೊಟ್ಟವರ ಪೊರೆ ಬಾತಿದ್ದಾಗ ಯಾರಾದರೂ ಅವರಿಗೆ ಸಂದೇಶ ಬರೆಯಹೊರಟರೆ, ಬರೆಯುವವರ ಪರದೆಯಲ್ಲಿ ಅದು ಮೂಡುತ್ತಿತ್ತು: 'ಆ ಕಡೆಯ ಬೆರಳು ದಣಿದಿದೆ.' ಕೆಲವರು ಬೈದುಕೊಂಡು ಬರೆದೇ ಬರೆದರು. ಬಹಳ ಜನ ಅರ್ಧ ಬರೆದದ್ದನ್ನು ಅಳಿಸಿದರು. ಅಳಿಸಿದ್ದರಲ್ಲಿ ಹೆಚ್ಚಿನದು ಕೇಳಲೇಬೇಕಾದ ಪ್ರಶ್ನೆಯಾಗಿರಲಿಲ್ಲ.

ಆ ಸಾಲು ಬರುವ ಮೊದಲೂ ಪ್ರತಿ ಉತ್ತರದ ಆ ಕಡೆ ಒಂದು ಹೆಬ್ಬೆರಳು ಇತ್ತು. ಅದು ನೋಯುತ್ತಲೂ ಇತ್ತು. ಈ ಕಡೆಯವರು ಕೇಳಿರಲಿಲ್ಲ, ಅಷ್ಟೆ.