ಪಡುವಣಕ್ಕೆ ಹೆಣ್ಣು ಕೊಡದ ಊರು

ಮುಕುಲ್ ಶುಕ್ಲ ಮೊದಲ ತುತ್ತು ಎತ್ತುವ ಮುಂಚೆಯೇ ಬಾಗಿಲಾಚೆ ಹೆಂಗಸರ ಬೈಗುಳದ ಹಾಡು ಶುರುವಾಯಿತು. ಅವನ ಅಪ್ಪ ಜಿಪುಣನಂತೆ, ಅಕ್ಕ ಜಗಳಗಂಟಿಯಂತೆ, ಅವನಿಗೋ ಮೀನಿನ ಮುಳ್ಳು ಬಿಡಿಸಲೂ ಬಾರದಂತೆ. ಅನ್ನದ ಮೇಲೆ ಕೈಯಿಟ್ಟುಕೊಂಡು ಅವನು ಕಂಗಾಲಾಗಿ ಮನೆಯ ಯಜಮಾನ ಕೀರ್ತಿನಾಥ ಝಾರ ಮುಖ ನೋಡಿದ.

"ಊಟ ಮಾಡಿ ಪಂಡಿತ್‌ಜಿ," ಎಂದರು ಅವರು ನಗುತ್ತ. "ನೀವು ಅಯೋಧ್ಯೆಯವರು. ಸೀತೆ ನಮ್ಮ ಮಿಥಿಲೆಯ ಮಗಳು. ಗಂಡಿನ ಕಡೆಯವರು ಊಟಕ್ಕೆ ಕೂತಾಗ ಬೈಯದಿದ್ರೆ ನಿಮಗೇ ಅವಮಾನ."

ಮಧುಬನಿಯಲ್ಲಿ ರಾಮಕಥೆ ಹೇಳಲು ಮುಕುಲ್ ಬಂದಿದ್ದ. ಕಥೆಯ ಏರ್ಪಾಡು ಕೀರ್ತಿನಾಥರದು, ಉಳಿಯಲು ಕೊಟ್ಟದ್ದು ಅವರ ಮನೆಯ ಹೊರಕೋಣೆ. ಎಲ್ಲರಿಗಿಂತ ಗಟ್ಟಿಯಾಗಿ ಬೈಯುತ್ತಿದ್ದವಳು ಅವರ ಕಿರಿಯ ಮಗಳು ಬಿಭಾ ಎಂಬುದು, ಅವಳು ಮಖಾನದ ಪಾಯಸ ಹಿಡಿದು ಬಂದಾಗ ಅವನಿಗೆ ಗೊತ್ತಾಯಿತು. ತುಟಿಯ ಅಂಚಿನಲ್ಲಿ ಹಾಡಿನ ಕೊನೆಯ ಸಾಲು ಇನ್ನೂ ಅಂಟಿಕೊಂಡಿತ್ತು.

"ಅಷ್ಟೆಲ್ಲ ಬೈದ ಮೇಲೆ ಪಾಯಸ ಬೇರೆನಾ?" ಎಂದ.

"ಬೈಗುಳ ನಿಮ್ಮೂರಿಗೆ. ಪಾಯಸ ನಿಮಗೆ."

ಅವಳ ಕಣ್ಣು ಒಂದು ಕ್ಷಣ ಹೆಚ್ಚೇ ನಿಂತಿತು. ಅವನಿಗೆ ಪಾಯಸದ ಸಿಹಿ ಗೊತ್ತಾಗಲಿಲ್ಲ.

ಬಿಭಾ ಹೆಣ್ಣುಮಕ್ಕಳ ಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದಳು. ಶಾಲೆಗೆ ಹೊರಡುವ ಮುನ್ನ ಹೊರಕೋಣೆಗೆ ಚಹಾ ತರುವುದು ಅವಳ ಕೆಲಸವಾಯಿತು. ಚಹಾ ಆರುವವರೆಗೂ ಹೊಸಿಲಲ್ಲಿ ನಿಂತು ವಾದ ಮಾಡುವುದನ್ನು ಮಾತ್ರ ಅವಳಿಗೆ ಯಾರೂ ಹೇಳಿರಲಿಲ್ಲ.

"ನಮ್ಮಲ್ಲಿ ಪಟ್ಟಾಭಿಷೇಕಕ್ಕೇ ಕಥೆ ನಿಲ್ಲಿಸ್ತಾರೆ," ಎಂದಳು ಒಂದು ಬೆಳಿಗ್ಗೆ. "ಸೀತೆಯನ್ನ ಕಾಡಿಗೆ ಕಳಿಸಿದ್ದು ಕೇಳೋಕೆ ತವರಿನವರಿಗೆ ಆಗಲ್ಲ. ಅವಳ ಮದುವೆಯಾದ ತಿಥಿಯಲ್ಲಿ ನಾವು ಮದುವೇನೇ ಮಾಡಲ್ಲ. ಪಡುವಣಕ್ಕೆ, ನಿಮ್ಮ ಕಡೆಗೆ, ಹೆಣ್ಣೂ ಕೊಡಲ್ಲ."

"ಇಷ್ಟು ಕಾಲವಾದ ಮೇಲೂ?"

"ಬಾಬೂಜಿನೂ ಹೀಗೇ ಅಂದು ದೀದಿಯನ್ನ ನಿಮ್ಮ ಅಯೋಧ್ಯೆ ಪಕ್ಕದ ಗೋಂಡಾಕ್ಕೆ ಕೊಟ್ಟರು."

ದೀದಿ ಎಂದರೆ ಅವಳ ಅಕ್ಕ ನೂತನ್. ಅತ್ತೆಗೆ ಔಷಧಿ ತರಲೆಂದು ಪಕ್ಕದ ಮನೆಯವನ ಬೈಕಿನ ಹಿಂದೆ ಕೂತು ಹೋದದ್ದೇ ಅವಳ ತಪ್ಪು. ಬೀದಿ ಮಾತಾಡಿತು. "ನನಗೇನೂ ಅನುಮಾನ ಇಲ್ಲ, ಆದ್ರೆ ಜನ..." ಎಂದು ಗಂಡನೇ ರೈಲು ಹತ್ತಿಸಿ ಕಳಿಸಿದ್ದ.

ಮುಕುಲ್ ಲೋಟ ಕೆಳಗಿಟ್ಟ. "ನನ್ನ ಕೇಳಿದ್ರೆ, ಅವತ್ತು ರಾಮ ತಪ್ಪು ಮಾಡಿದ. ಅವಳನ್ನ ಒಂದು ಮಾತೂ ಕೇಳಲಿಲ್ಲ."

"ಇದನ್ನ ವೇದಿಕೆ ಮೇಲೆ ಹೇಳ್ತೀರಾ?"

"ಹೇಳ್ತೀನಿ."

ಅವಳು ಅವನನ್ನು ದಿಟ್ಟಿಸಿ ನೋಡಿದಳು. ತಾನು ಮನಸೋತದ್ದು ಅವಳಿಗೆ ತಿಳಿದದ್ದು ಆಗಲೇ.

ಆ ಮಧ್ಯಾಹ್ನ ನೂತನ್‌ಳನ್ನು ಕೈ ಹಿಡಿದು ಕಥೆಯ ಚಪ್ಪರಕ್ಕೆ ಕರೆದೊಯ್ದವಳು ಬಿಭಾ. "ಬಾ ದೀದಿ, ಇವರು ಬೇರೆ ಥರ ಹೇಳ್ತಾರೆ." ಗಂಡಸರ ಸಾಲಿನಲ್ಲಿ ನೂತನ್‌ಳ ಗಂಡನ ಚಿಕ್ಕಪ್ಪ ಕೂತಿದ್ದರು. ರಾಜಿಮಾತಿಗೆಂದು ಕೀರ್ತಿನಾಥರೇ ಅವರನ್ನು ಗೋಂಡಾದಿಂದ ಕರೆಸಿದ್ದರು. ಎಲ್ಲರಿಗಿಂತ ಮುಂದೆ, ಅಯೋಧ್ಯೆಯಿಂದ ಆಗತಾನೆ ಬಂದಿಳಿದಿದ್ದ ಮುಕುಲ್‌ನ ಗುರುಗಳು. ತಬ್ಬಲಿ ಹುಡುಗನನ್ನು ಸಾಕಿ, ವಿದ್ಯೆ ಕೊಟ್ಟು, ತಮ್ಮ ಪೀಠವನ್ನೂ ಅವನಿಗೇ ಬಿಡಲಿದ್ದವರು.

ಪಟ್ಟಾಭಿಷೇಕ ದಾಟಿ ಕಥೆ ಆ ಘಟ್ಟಕ್ಕೆ ಬಂತು. ಮುಕುಲ್ ಗುರುಗಳ ಮುಖ ನೋಡಿದ. ಗಂಟಲು ಸರಿಮಾಡಿಕೊಂಡ. ಆಮೇಲೆ ಬಂದ ಮಾತು ಅವನದಾಗಿರಲಿಲ್ಲ. ರಾಜನಿಗೆ ಪ್ರಜೆಯೇ ಮೊದಲು, ಹೆಂಡತಿ ಆಮೇಲೆ, ಸೀತಾಮಾತೆ ಅದನ್ನು ಅರಿತು ನಗುನಗುತ್ತಲೇ ಕಾಡಿಗೆ ಹೋದಳು ಎಂದು ಪಾಠ ಒಪ್ಪಿಸಿದ.

ನೂತನ್ ಸೆರಗು ಸರಿಮಾಡಿಕೊಂಡು ಎದ್ದು ಹೋದಳು.

ಚಿಕ್ಕಪ್ಪ ಕೀರ್ತಿನಾಥರ ಕಡೆ ತಿರುಗಿದರು. "ಕೇಳಿದಿರಲ್ಲ ಝಾಜಿ. ದೇವರೇ ಜನರ ಮಾತಿಗೆ ತಲೆಬಾಗಿದ. ನಮ್ಮ ಹುಡುಗ ಯಾವ ಲೆಕ್ಕ?" ರಾಜಿಮಾತು ಅಲ್ಲಿಗೇ ಮುಗಿಯಿತು.

ಬಿಭಾ ಏಳಲಿಲ್ಲ. ಅಕ್ಕನ ಹಿಂದೆ ಓಡಬೇಕಾದವಳು, ಹಣೆಯ ಬೆವರು ಒರೆಸಿಕೊಳ್ಳುತ್ತಿದ್ದ ಅವನನ್ನೇ ನೋಡುತ್ತ ಕೂತಳು. ಪಾಪ, ಗುರುಗಳು ಎದುರಿಗಿದ್ದರಲ್ಲ ಎಂದು ಅವಳ ಮನಸ್ಸು ಆಗಲೇ ಅವನ ಪರ ಮಾತಾಡುತ್ತಿತ್ತು. ಅದು ಅರಿವಾದಾಗ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಮರುದಿನ ಚಹಾ ಹೊರಕೋಣೆಗೆ ಹೋಗಲಿಲ್ಲ. ಮುಕುಲ್‌ನೇ ಅಂಗಳಕ್ಕೆ ಬಂದ. ಅಲ್ಲಿ ಈಳಿಗೆಮಣೆಯ ಮೇಲೆ ಕೂತು ಬದನೆಕಾಯಿ ಹೆಚ್ಚುತ್ತಿದ್ದ ನೂತನ್‌ಳ ಕಾಲು ಮುಟ್ಟಲು ಬಗ್ಗಿದ.

"ಬೇಡ," ಎಂದಳು ಅವಳು, ಕೈ ನಿಲ್ಲಿಸದೆ. "ನಿನ್ನೆ ಮೈಕಲ್ಲಿ ಹೇಳಿದ್ದನ್ನ ಇವತ್ತು ನನ್ನೊಬ್ಬಳ ಕಿವೀಲಿ ವಾಪಸ್ ತಗೊಂಡ್ರೆ ಆಯ್ತಾ?"

ಅವನು ಚಾಚಿದ ಕೈ ಹಿಂದಕ್ಕೆ ತೆಗೆದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಬಿಭಾಳ ಕಡೆ ತಿರುಗಿಯೂ ನೋಡದೆ ಹೊರಗೆ ಹೋದ.

ಆ ಮಧ್ಯಾಹ್ನ ಕಥೆಯ ಕೊನೆಯ ದಿನ. ಮಂಗಳ ಹಾಡುವ ಬದಲು ಮುಕುಲ್ ಪುಸ್ತಕ ಮುಚ್ಚಿ ಎದ್ದು ನಿಂತ.

"ನಿನ್ನೆ ನಾನು ಹೇಳಿದ್ದನ್ನ ನಾನೇ ನಂಬಲ್ಲ," ಎಂದ. "ನಗುನಗುತ್ತ ಹೋದಳು ಅಂದೆ. ಅವಳನ್ನ ಕೇಳಿದವರು ಯಾರು? ನಾವು ಈ ಕಥೆ ಹೇಳಿ ಹೇಳಿ, ಹೆಂಡತಿಯನ್ನ ತವರಿಗೆ ಅಟ್ಟೋ ಗಂಡಸರ ಕೈಗೆ ಒಂದು ನೆಪ ಕೊಟ್ಟಿದ್ದೀವಿ. ನಿನ್ನೆ ಇದೇ ಚಪ್ಪರದಲ್ಲಿ ನಾನೂ ಕೊಟ್ಟೆ. ಗಂಡಿನ ಕಡೆಯವನು ನಾನು. ಹೆಣ್ಣಿನ ಕಡೆಯವರ ಹತ್ತಿರ ತಪ್ಪಾಯ್ತು ಅಂತ ಕೇಳ್ತಿದ್ದೀನಿ."

ಹೆಂಗಸರ ಸಾಲಿನಲ್ಲಿ ಯಾರೋ ಮುದುಕಿ ಬಿಕ್ಕಿದಳು. ಗುರುಗಳು ಎದ್ದರು, ಶಾಲು ಹೊದ್ದರು, ಅವನಿಲ್ಲದೆಯೇ ಕಾರು ಹತ್ತಿ ಹೋದರು. ಆ ಮಾತು ಕೇಳಬೇಕಾಗಿದ್ದ ಗೋಂಡಾದ ಚಿಕ್ಕಪ್ಪ ಬೆಳಿಗ್ಗೆಯೇ ರೈಲು ಹತ್ತಿದ್ದರು.

ಚಪ್ಪರ ಖಾಲಿಯಾಯಿತು. ಬಿಭಾ ಈ ಸಲ ಮೊದಲು ಅಕ್ಕನ ಬಳಿಗೇ ಹೋದಳು.

"ದೀದಿ, ನಿನ್ನೆ ನೀನು ಎದ್ದು ಹೋದಾಗ ನನಗೆ ಮೊದಲು ಮರುಕ ಬಂದದ್ದು ಅವರ ಮೇಲೆ."

"ನೋಡಿದೆ," ಎಂದಳು ನೂತನ್. "ಚಪ್ಪರದ ಬಾಗಿಲಲ್ಲಿ ತಿರುಗಿ ನೋಡಿದೆ. ನೀನು ಅವನನ್ನೇ ನೋಡ್ತಿದ್ದೆ."

ಬಿಭಾಳ ತಲೆ ತಗ್ಗಿತು. "ಅವರು ನನ್ನ ಕೇಳಿದ್ರೂ ಬೇಡ ಅಂತೀನಿ. ಅವರು ಹೊರಟು ಹೋಗಲಿ."

"ಯಾಕೆ? ನನ್ನ ಕಷ್ಟಾನ ನಿನ್ನ ಉಪವಾಸ ಮಾಡ್ಕೋಬೇಡ. ನೀನು ಹಸಿದಿದ್ರೆ ನನ್ನ ಹೊಟ್ಟೆ ತುಂಬುತ್ತಾ?" ನೂತನ್ ತಂಗಿಯ ಕೆನ್ನೆ ಒರೆಸಿದಳು, ಸ್ವಲ್ಪ ಒರಟಾಗಿಯೇ. "ನಾನು ಅವನನ್ನ ಕ್ಷಮಿಸಿಲ್ಲ. ಅದು ನನ್ನ ವಿಷಯ. ನೀನು ಹೋಗು."

ಮುಕುಲ್ ಮನೆಯ ಹಿಂದಿನ ಕೊಳದ ಮೆಟ್ಟಿಲ ಮೇಲೆ ಕೂತಿದ್ದ. ಪಕ್ಕದಲ್ಲಿ ಚೀಲ ಇತ್ತು. ಬಿಭಾ ಒಂದು ಮೆಟ್ಟಿಲು ಮೇಲೆ ಕೂತಳು.

"ದೀದಿ ನಿಮ್ಮನ್ನ ಕ್ಷಮಿಸಿಲ್ಲ."

"ಗೊತ್ತು."

"ನನ್ನನ್ನ ನಾನೂ ಕ್ಷಮಿಸ್ಕೊಂಡಿಲ್ಲ."

ಅವನು ಚೀಲವನ್ನು ಪಕ್ಕಕ್ಕೆ ಸರಿಸಿದ. ಆಮೇಲೆ, "ನಿನ್ನನ್ನ ಬಿಟ್ಟು ಹೋಗೋಕೆ ಮನಸ್ಸಿಲ್ಲ ಬಿಭಾ. ಇಷ್ಟೆಲ್ಲ ಆದ ಮೇಲೆ ಕೇಳೋಕೂ ಮುಖವಿಲ್ಲ," ಎಂದ.

"ಬಾಬೂಜಿ ಪಡುವಣಕ್ಕೆ ಇನ್ನೊಬ್ಬ ಮಗಳನ್ನ ಕಳಿಸಲ್ಲ. ನಾನೂ ಬರಲ್ಲ."

"ಕಳಿಸಬೇಡಿ ಅಂತಲೇ ಕೇಳ್ತೀನಿ. ಇಲ್ಲೇ ಇರ್ತೀನಿ. ಯಾವುದಾದ್ರೂ ಶಾಲೇಲಿ ಸಂಸ್ಕೃತ ಹೇಳಿಕೊಡ್ತೀನಿ."

"ಮನೆ ಅಳಿಯ ಅಂತ ಊರೆಲ್ಲ ನಗುತ್ತೆ."

"ನಗಲಿ. ಜನಕ್ಕೆ ಹೆದರಿದ್ರೆ ನನ್ನ ಬಾಯಲ್ಲಿ ಏನು ಬರುತ್ತೆ ಅಂತ ನಿನ್ನೆ ಕೇಳಿದೆಯಲ್ಲ."

"ನೀವು ಈ ಮನೇಲಿ ದಿನಾ ದೀದಿಯ ಮುಖ ನೋಡಬೇಕಾಗುತ್ತೆ."

ಅವನು ಅವಳ ಕಡೆ ತಿರುಗಿದ. "ಅದಕ್ಕೇ ನನಗೆ ಭಯ," ಎಂದ. "ಆದ್ರೂ ನೋಡ್ತೀನಿ."

ಮನೆಯೊಳಗಿಂದ ನೂತನ್ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಆ ಸದ್ದಿನ ನಡುವೆ ತನಗಾಗುತ್ತಿರುವ ಸಂತೋಷಕ್ಕೆ ಬಿಭಾ ನಾಚಿದಳು. ಅವನ ಕೈ ಅವಳ ಕೈಯನ್ನು ಹುಡುಕಿ ಬಂದಾಗ ಅವಳ ಬೆರಳು ಮೊದಲು ಬಿಗಿದುಕೊಂಡವು. ಆಮೇಲೆ ಮೆಲ್ಲಗೆ ಬಿಚ್ಚಿಕೊಂಡವು.