ನಾನು ನೋಡ್ಕೋತೀನಿ

"ಸಾರ್, ಇಲ್ಲಿ ಬೈಯಿರಿ, ಕೂಗಾಡಿ, ಬೇಕಾದ್ರೆ ನಮ್ಮ ಅಪ್ಪ ಅಮ್ಮನ್ನೂ ಸೇರಿಸಿ ಬೈಯಿರಿ. ಒಂದು ಮಾತು ಮಾತ್ರ ಆಡಬೇಡಿ," ಎಂದಳು ಇಸ್ತ್ರಿ ಅಜ್ಜಿ.

"ಯಾವ ಮಾತು?"

ಅಜ್ಜಿ ಬಾಯಿಬಿಡಲಿಲ್ಲ. ಹಬೆ ಕೂತು ಮಬ್ಬಾಗಿದ್ದ ಕಿಟಕಿಯ ಗಾಜಿನ ಮೇಲೆ ಬೆರಳಿನಿಂದ ಬರೆದಳು. ಎರಡೇ ಪದ. ಓದಿದ ಹೊಸ ಸೂಪರ್‌ವೈಸರ್ ಹೊಟ್ಟೆ ಹಿಡಿದುಕೊಂಡು ನಕ್ಕ.

"ನಾನು ನೋಡ್ಕೋತೀನಿ! ಇಷ್ಟೇನಾ? ಅಲ್ಲ ಅಜ್ಜಿ, ಸೂಪರ್‌ವೈಸರ್ ಆದೋನು ಮತ್ತೇನು ಹೇಳ್ಬೇಕು? ನೀವೇ ನೋಡ್ಕೊಳ್ಳಿ, ನಾನು ಮಲ್ಕೋತೀನಿ ಅಂತಾನಾ?"

ಬಟ್ಟೆ ಮಡಚುತ್ತಿದ್ದ ಹೆಂಗಸರಲ್ಲಿ ಒಬ್ಬಳೂ ನಗಲಿಲ್ಲ. ಅಜ್ಜಿ ಸೆರಗಿನಿಂದ ಗಾಜು ಒರೆಸಿಬಿಟ್ಟಳು.

ಅದು ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ. ಬೆಳಗಿನಿಂದ ಸಂಜೆಯವರೆಗೆ ಬೆಡ್‌ಶೀಟುಗಳು ಕೊಳೆಯಾಗಿ ಬಂದು ಬಿಳಿಯಾಗಿ ಹೋಗುತ್ತಿದ್ದವು. ಬಾಯ್ಲರಿನ ಗುರುಗುರು, ಸೋಪಿನ ಘಾಟು, ಮೈಗೆ ಅಂಟುವ ಹಬೆ. ಸೂಪರ್‌ವೈಸರನಿಗೆ ಇದೆಲ್ಲ ತವರುಮನೆಯಿದ್ದ ಹಾಗೆ. ಇಪ್ಪತ್ತು ವರ್ಷ ಬಾಯ್ಲರುಗಳ ಜೊತೆ ಬದುಕಿದವನು. ಜೇಬಿನಲ್ಲಿ ಸದಾ ಒಂದು ಸ್ಕ್ರೂಡ್ರೈವರ್. ಲೋಕದಲ್ಲಿ ಎಲ್ಲಿ ಸದ್ದಾದರೂ ಅಲ್ಲೊಂದು ಸ್ಕ್ರೂ ಸಡಿಲವಾಗಿದೆ ಎಂದೇ ಅವನ ಲೆಕ್ಕ. ಎರಡೇ ದಿನದಲ್ಲಿ ಹೆಂಗಸರು ಅವನಿಗೆ 'ಸ್ಕ್ರೂ ಸಾರ್' ಎಂದು ಹೆಸರಿಟ್ಟಿದ್ದರು.

ವರ್ಷದಿಂದ ಮುಚ್ಚಿದ್ದ ಒಣಗಿಸುವ ಕೋಣೆಯನ್ನು ಮತ್ತೆ ತೆರೆಯಬೇಕೆಂದು ಯಜಮಾನರು ಹೇಳಿದ್ದರು. ನಡುದಾರಿಯ ಕೊನೆಯಲ್ಲಿ ಕಬ್ಬಿಣದ ಬಾಗಿಲು. ಹೊರಗಡೆ ಮಾತ್ರ ಚಿಲಕ. ಎಳೆದ ಕೂಡಲೇ ಒಳಗಿನ ಗಾಳಿ ಮುಖಕ್ಕೆ ಹೊಡೆಯಿತು. ಸೋಪಿನದಲ್ಲ, ಹಬೆಯದಲ್ಲ. ಹಳೆಯ ಹೊಗೆ. ಸುಟ್ಟ ಬೇರು, ಸುಟ್ಟ ಕೂದಲು, ಅದರಡಿಯಲ್ಲಿ ಸಿಹಿಯಾದ ಇನ್ನೇನೋ. ಗೋಡೆಗಳು ಕಪ್ಪು. ಬಾಗಿಲಿನ ಒಳಮೈಯಲ್ಲಿ ಮಸಿಯ ನಡುವೆ ಬೆಳ್ಳಗೆ ಅಂಗೈ ಗುರುತುಗಳು. ಮೇಲಿನವು ಎದೆಮಟ್ಟಕ್ಕೆ. ಆಮೇಲೆ ಸೊಂಟದ ಮಟ್ಟಕ್ಕೆ. ಕೊನೆಯವು ನೆಲದಿಂದ ಗೇಣಿನಷ್ಟು ಮೇಲೆ.

ಹೊಸ್ತಿಲ ಸಂದಿನಲ್ಲಿ ಏನೋ ಸಿಕ್ಕಿಕೊಂಡಿತ್ತು. ಸ್ಕ್ರೂಡ್ರೈವರಿನಿಂದ ಮೀಟಿ ತೆಗೆದ. ಹರಿದ ಬೆಡ್‌ಶೀಟಿನ ಚೂರು, ಅದರೊಳಗೆ ಮಸಿ, ನರೆಗೂದಲು. ಏಳು ಗಂಟು ಹಾಕಿತ್ತು.

"ಮುಟ್ಟಬೇಡಿ ಸಾರ್! ಇದ್ದಲ್ಲೇ ಇಡಿ!" ಅಜ್ಜಿ ದೂರದಿಂದಲೇ ಚೀರಿದಳು.

"ಕಸ ಅಜ್ಜಿ, ಕಸ. ನೀವು ಹೋಗಿ ಇಸ್ತ್ರಿ ಮಾಡಿ. ಇದನ್ನ ನಾನು ನೋಡ್ಕೋತೀನಿ."

ಬೇಕೆಂದೇ ರಾಗವಾಗಿ ಅಂದ. ಬಾಯ್ಲರಿನ ಬಾಯಿ ತೆರೆದು ಗಂಟನ್ನು ಒಳಗೆಸೆದ. ಬೆಂಕಿ ಒಂದು ಕ್ಷಣ ಕಪ್ಪಾಗಿ ಮತ್ತೆ ಹತ್ತಿಕೊಂಡಿತು.

ಆಗ ಕೇಳಿತು. ಟಕ್. ಟಕ್. ಟಕ್.

ಗಡಿಯಾರದಲ್ಲಿ ಹನ್ನೊಂದೂ ಹತ್ತು. ಹಾಡಹಗಲು.

ಮಧ್ಯಾಹ್ನ ಊಟದ ಡಬ್ಬಿ ಮುಚ್ಚುತ್ತಾ ಅಜ್ಜಿ ಹೇಳಿದಳು. ವರ್ಷದ ಹಿಂದೆ ಮಡಚುವ ವಿಭಾಗದ ಹುಡುಗಿಯೊಬ್ಬಳು ಕೆಲಸದ ನಡುವೆ ತಲೆಸುತ್ತಿ ಬೀಳತೊಡಗಿದಳು. ಬಿದ್ದಾಗ ಏನೇನೋ ಬಡಬಡಿಸುತ್ತಿದ್ದಳು. ವೈದ್ಯರ ಹತ್ತಿರ ಹೋಗಲು ರಜೆ ಕೇಳಿದಳು. ರಜೆಗೆ ಬದಲು ಯಜಮಾನರು ಧೂಪದಯ್ಯನನ್ನು ಕರೆಸಿದರು. ಹೊಗೆ ಹಾಕಿ ಗಾಳಿ ಬಿಡಿಸುವುದು ಅವನ ಕಸುಬು. ಹುಡುಗಿಯನ್ನು ಈ ಕೋಣೆಯಲ್ಲಿ ಕೂರಿಸಿ, ಕೆಂಡದ ಮಡಕೆಯಿಟ್ಟು, ಪುಡಿ ಸುರಿದು ಚಿಲಕ ಹಾಕಿದ. "ಒಳಗಿಂದ ತಟ್ಟಿದ್ರೆ ತೆಗೀಬೇಡಿ. ತಟ್ಟೋದು ಅವಳಲ್ಲ, ಅದು. ಕಾಲು ಗಂಟೆ ಬಿಟ್ಟು ತೆಗೀರಿ. ನೋಡ್ಕೊಳ್ಳಿ," ಎಂದು ಕೈತೊಳೆಯಲು ಹೋದ. ಹಳೇ ಸೂಪರ್‌ವೈಸರ್ 'ನಾನು ನೋಡ್ಕೋತೀನಿ' ಎಂದ. ಅವನಿಗೆ ಫೋನ್ ಬಂತು, ಬಾಯ್ಲರಿನವನಿಗೆ ಹೇಳಿ ಹೋದ. ಬಾಯ್ಲರಿನವನು 'ನಾನು ನೋಡ್ಕೋತೀನಿ' ಎಂದ. ಅವನು ಗಾಡಿಯವನಿಗೆ ಹೇಳಿದ. ಗಾಡಿಯವನೂ ಅದನ್ನೇ ಅಂದ.

"ಎಷ್ಟು ಹೊತ್ತು ತಟ್ಟಿದಳು?"

"ನಾವೆಲ್ಲ ಕೇಳಿಸ್ಕೊಂಡ್ವಿ ಸಾರ್." ಅಜ್ಜಿ ಡಬ್ಬಿಯ ಮುಚ್ಚಳವನ್ನೇ ನೋಡುತ್ತಿದ್ದಳು. "ಅವಳಲ್ಲ, ಅದು ಅಂದಿದ್ರಲ್ಲ. ಹನ್ನೊಂದೂ ಹತ್ತಕ್ಕೆ ಶುರುವಾಗಿದ್ದು... ಆಮೇಲೆ ನಿಂತಿತು. ಗಾಳಿ ಬಿಡ್ತು ಅಂದ್ಕೊಂಡ್ವಿ."

ಮಾರನೆಯ ದಿನ ಹುಡುಗಿಯ ತಾಯಿ ಬಂದಳು. ಮನೆಗೆಲಸ ಮಾಡಿ ಬದುಕುವ ಹೆಂಗಸು. ಅಳಲಿಲ್ಲ. ಬಾಗಿಲಿನ ಮಸಿ ಕೆರೆದಳು, ತನ್ನ ತಲೆಗೂದಲು ಕಿತ್ತಳು, ಗಂಟು ಹಾಕುತ್ತಾ ಹಾಕುತ್ತಾ ಅಂದಳು: ನೋಡ್ಕೋತೀನಿ ಅಂದವರ ಕಿವಿಗೆ ಈ ಸದ್ದು ಬೀಳ್ಲಿ. ಕೈಗೆ ಬಾಗಿಲು ಸಿಗದೇ ಹೋಗ್ಲಿ.

"ಆ ಮೂವರು?"

"ಒಬ್ಬನು ಕಿವಿಗೆ ಮೊಳೆ ಹೊಡ್ಕೊಂಡ. ಒಬ್ಬ ಊರು ಬಿಟ್ಟ. ಗಾಡಿಯವನು ಮನೆ ಬಾಗಿಲುಗಳನ್ನೆಲ್ಲ ಕಿತ್ತು ಸುಟ್ಟು ಬಯಲಲ್ಲಿ ಕೂತಿದ್ದಾನೆ."

"ಧೂಪದಯ್ಯ?"

"ಅವನಿಗೇನಾಗುತ್ತೆ? ಅವನು 'ನೋಡ್ಕೊಳ್ಳಿ' ಅಂದಿದ್ದು. ಆ ಇನ್ನೊಂದು ಮಾತು ಅನ್ನಲಿಲ್ಲವಲ್ಲ."

ಸೂಪರ್‌ವೈಸರ್ ನಗಲು ಹೋದ. ನಗುವ ಬದಲು ಜೇಬಿನ ಸ್ಕ್ರೂಡ್ರೈವರ್ ಹೊರತೆಗೆದ.

ದಿನವೂ ಹನ್ನೊಂದೂ ಹತ್ತಕ್ಕೆ ಬಂತು ಆ ಸದ್ದು. ಮೊದಲ ದಿನ ಹಬೆಯ ಪೈಪು ಬಿಚ್ಚಿದ. ಮರುದಿನ ವಾಲ್ವ್ ಬದಲಿಸಿದ. ಮೂರನೆಯ ದಿನ ಇಡೀ ಬಾಯ್ಲರ್ ನಿಲ್ಲಿಸಿದ. ಲಾಂಡ್ರಿಯೆಲ್ಲ ಮೌನವಾದಾಗ ಇನ್ನೂ ಚೆನ್ನಾಗಿ ಕೇಳಿತು. ಬೇರೆ ಯಾರಿಗೂ ಕೇಳಿಸುತ್ತಿರಲಿಲ್ಲ. ಓಡಿ ಹೋಗಿ ಬಾಗಿಲು ತೆರೆದರೆ ಒಳಗೆ ಏನೂ ಇಲ್ಲ. ನಾಲ್ಕನೆಯ ದಿನ ಓಡಿಹೋದ. ನಡುದಾರಿಯ ಕೊನೆಯಲ್ಲಿ ಬರೀ ಗೋಡೆಯಿತ್ತು. ಎರಡೂ ಕೈಯಿಂದ ಸವರಿದ. ತಣ್ಣನೆಯ ಗಾರೆ. ಸದ್ದು ನಿಂತ ಮೇಲೆ ನೋಡಿದರೆ ಅವನ ಬೆರಳು ಚಿಲಕದ ಮೇಲೇ ಇತ್ತು.

ಅಂದು ಸಂಜೆ ಅಕ್ಕನ ಜೊತೆ ಅವಳ ಮನೆಗೆ ಹೋದ. ಅಕ್ಕ ಎಂದರೆ ಸತ್ತ ಹುಡುಗಿಯ ಅಕ್ಕ. ಅದೇ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ತಂಗಿ ಕರೆದು ಕರೆದು ಎಲ್ಲರಿಗೂ ಅಕ್ಕನಾಗಿದ್ದಳು. ಒಂದೇ ಕೋಣೆಯ ಮನೆ. ತಾಯಿ ಗೋಡೆಗೊರಗಿ ಕೂತಿದ್ದಳು.

"ತಪ್ಪಾಯ್ತಮ್ಮ. ತಮಾಷೆಗೆ ಅಂದುಬಿಟ್ಟೆ. ಆ ಶಾಪ ತೆಗೆದುಬಿಡಿ," ಎಂದ.

ತಾಯಿ ತಲೆಯೆತ್ತಿ ಅವನನ್ನು ನೋಡಿದಳು. ಆ ಕಣ್ಣಲ್ಲಿ ಸಿಟ್ಟಿರಲಿಲ್ಲ. "ನೀನು ಅವರಲ್ಲಿ ಒಬ್ಬನಲ್ಲಪ್ಪ. ನಿನ್ನ ಮೇಲೆ ನನಗೇನು ಹಗೆ? ಹೊಸ್ತಿಲಲ್ಲಿ ಗಂಟಿದೆ, ತಗೊಂಡು ಬಾ. ಒಂದೊಂದಾಗಿ ಬಿಚ್ಚಿಬಿಡ್ತೀನಿ."

ಅವನು ನೆಲ ನೋಡಿದ.

"ಎಲ್ಲಿದೆ ಗಂಟು?"

"ಬಾಯ್ಲರಿಗೆ ಹಾಕಿದೆ."

ತಾಯಿಯ ಕೈ ಮಡಿಲಿಗೆ ಬಿತ್ತು. "ಹಾಗಾದ್ರೆ ನನ್ನ ಕೈಲೂ ಇಲ್ಲ. ನನಗೆ ಕಟ್ಟೋಕೆ, ಕಟ್ಟಿದ್ದನ್ನ ಬಿಚ್ಚೋಕೆ ಗೊತ್ತು. ಬೂದಿ ಬಿಚ್ಚೋಕೆ ಬರಲ್ಲ."

ಸುದ್ದಿ ಯಜಮಾನರ ಕಿವಿಗೆ ಬಿತ್ತು. ಈ ಸೂಪರ್‌ವೈಸರನೂ ಕೆಟ್ಟುಹೋದರೆ ಇನ್ನೊಬ್ಬ ಸಿಗುವುದಿಲ್ಲ. ಅವರು ಮತ್ತೆ ಧೂಪದಯ್ಯನನ್ನೇ ಕರೆಸಿದರು. ಒಡಹುಟ್ಟಿದವರು ಒಳಗೆ ಕೂತು ಹೆಸರು ಹಿಡಿದು ಕರೆದರೆ ಹುಡುಗಿ ಹೊರಟುಹೋಗುತ್ತಾಳೆ, ಕಾಲು ಗಂಟೆ ಸಾಕು ಎಂದ ಅವನು. ಅಕ್ಕ ಒಪ್ಪಿಬಿಟ್ಟಳು.

ಸೂಪರ್‌ವೈಸರ್ ಯಜಮಾನರ ಟೇಬಲ್ ಗುದ್ದಿದ. "ಒಂದು ಹೆಣ ಬಿದ್ದಿದ್ದು ಸಾಲದಾ? ಅದೇ ಕೋಣೆ, ಅದೇ ಕೆಂಡ, ಅದೇ ಮನುಷ್ಯ!"

"ನೀವಿದ್ರೂ ನಡೆಯುತ್ತೆ, ಇಲ್ಲದಿದ್ರೂ ನಡೆಯುತ್ತೆ," ಎಂದರು ಯಜಮಾನರು ತಣ್ಣಗೆ.

ಸುರಕ್ಷತಾ ಅಧಿಕಾರಿಗೆ ಫೋನ್ ಮಾಡಿದ. ಅವರು ಎಲ್ಲ ಕೇಳಿಸಿಕೊಂಡು "ನೋಡೋಣ" ಎಂದರು. ಅಕ್ಕನಿಗೆ ಕೈಮುಗಿದ. "ಬೇಡ ಅಕ್ಕ. ಹೊಗೆಗೆ ನಿನ್ನ ತಂಗಿಯೂ ಒಂದೇ, ನೀನೂ ಒಂದೇ."

"ಅವಳು ಇನ್ನೂ ಆ ಬಾಗಿಲು ತಟ್ತಾ ಇದಾಳೆ ಅಂತ ನೀವೇ ಹೇಳಿದ್ದಲ್ವಾ ಸಾರ್? ಅವತ್ತು ನಾನೂ ಕೇಳಿಸ್ಕೊಂಡು ಕೂತಿದ್ದೆ. ಇವತ್ತಾದ್ರೂ ಹೋಗ್ತೀನಿ."

ಸೂಪರ್‌ವೈಸರ್ ತನ್ನ ಕೈಲಾದದ್ದು ಮಾಡಿದ. ಚಿಲಕದ ನಾಲ್ಕೂ ಸ್ಕ್ರೂ ಬಿಚ್ಚಿ ಜೇಬಿಗಿಳಿಸಿದ. ಚಿಲಕವೇ ಇಲ್ಲದ ಬಾಗಿಲನ್ನು ಯಾರು ಹಾಕುತ್ತಾರೆ? ಆದರೆ ಧೂಪದಯ್ಯ ಬಂದವನೇ ಚಿಲಕವಿಲ್ಲದ್ದು ನೋಡಿ ಹುಬ್ಬು ಗಂಟಿಕ್ಕಿದ. "ಬಾಗಿಲು ತಾನಾಗೇ ತೆರೆದ್ರೆ ಎಲ್ಲ ಕೆಡುತ್ತೆ," ಎಂದು ಒದ್ದೆ ಬೆಡ್‌ಶೀಟು ತುಂಬಿದ ತಳ್ಳುಗಾಡಿಯೊಂದನ್ನು ಎಳೆಸಿ ಬಾಗಿಲಿಗೆ ಒತ್ತಾಗಿ ನಿಲ್ಲಿಸಿದ. ಇರಲಿ, ಗಾಡಿಗೆ ಗಾಲಿಯಿದೆ, ಒಂದೇ ಕೈಯಲ್ಲಿ ಎಳೆಯುತ್ತೇನೆ ಎಂದುಕೊಂಡ ಸೂಪರ್‌ವೈಸರ್.

ಬಾಗಿಲು ಮುಚ್ಚುವ ಮುಂಚೆ ಅಕ್ಕ ಇಣುಕಿದಳು. ಕೆಂಡದ ಬೆಳಕು ಅವಳ ಗಲ್ಲದ ಮೇಲೆ ಆಡುತ್ತಿತ್ತು. "ಸಾರ್, ನೀವು ಇಲ್ಲೇ ಇರ್ತೀರಲ್ವಾ?"

ಅವನು ತಲೆಯಾಡಿಸಿದ. ಬಾಯಿ ಬಿಡಬಾರದೆಂದು ಹಲ್ಲು ಕಚ್ಚಿದ.

"ಹೇಳಿ ಸಾರ್. ಭಯ ಆಗ್ತಿದೆ."

ಹೆದರಿದ ಮನುಷ್ಯರಿಗೆ ಹೇಳಲು ಲೋಕದಲ್ಲಿ ಇನ್ನೊಂದು ಮಾತಿಲ್ಲ. ಅದು ತಾನಾಗಿ ನಾಲಿಗೆಗೆ ಬಂತು.

"ನಾನು ನೋಡ್ಕೋತೀನಿ ಅಕ್ಕ."

ಬಾಗಿಲು ಮುಚ್ಚಿತು. ಧೂಪದಯ್ಯ "ನೋಡ್ಕೊಳ್ಳಿ" ಎಂದು ಕೈತೊಳೆಯಲು ಹೋದ. ಯಜಮಾನರು ಫೋನ್ ಹಿಡಿದು ಕಿಟಕಿಯತ್ತ ನಡೆದರು. ಗಾಡಿ ಎಳೆದ ಇಬ್ಬರು ಕೆಲಸದವರು ದೂರ ನಿಂತರು. ಸಂದಿನಿಂದ ಬೂದು ಹೊಗೆ ಬೆರಳಿನ ಹಾಗೆ ಹೊರಬರತೊಡಗಿತು. ಅವನು ಗಡಿಯಾರ ನೋಡಿದ. ಕಾಲು ಗಂಟೆ ಯಾರಿಗೆ ಬೇಕು? ಎರಡೇ ನಿಮಿಷ. ಆಮೇಲೆ ಎಳೆದೇ ಬಿಡುವುದು.

ಹನ್ನೊಂದೂ ಹತ್ತು.

ಟಕ್. ಟಕ್. ಟಕ್.

ಅವನು ಗಾಡಿಗೆ ಕೈಹಾಕಿದ. ಕೈಗೆ ಗಾರೆ ಸಿಕ್ಕಿತು. ತಣ್ಣಗೆ. ನುಣ್ಣಗೆ. ಗಾಡಿಯಿಲ್ಲ. ಬಾಗಿಲಿಲ್ಲ. ಗೋಡೆ. ಸವರಿದ. ಗೋಡೆ. ಗುದ್ದಿದ. ಗೋಡೆ. ಅದರಾಚೆ ಎರಡು ಜೊತೆ ಕೈಗಳು ತಟ್ಟುತ್ತಿದ್ದವು. ಒಂದು ಹಳೆಯದು. ಒಂದು ಹೊಸದು. ಎದೆಮಟ್ಟದಲ್ಲಿ. "ಎಳೀರೋ! ಯಾರಾದ್ರೂ ಎಳೀರೋ!" ಎಂದು ಕೂಗಿದ. ಕೂಗು ಅವನ ಬಾಯಿಂದ ಹೊರಗೆ ಬೀಳಲಿಲ್ಲ. ಸದ್ದು ಕೆಳಗಿಳಿಯಿತು. ಸೊಂಟದ ಮಟ್ಟಕ್ಕೆ. ಉಗುರು ಕಿತ್ತುಬಂತು. ಗೋಡೆ. ಸಾರ್, ಎಂದಿತು ಒಳಗಿನ ದನಿ. ಗೋಡೆ. ಸಾರ್. ಸದ್ದು ನೆಲದ ಹತ್ತಿರ ಬಂತು. ಗೇಣು. ಅರ್ಧ ಗೇಣು.

ನಿಂತಿತು.

ದೂರ ನಿಂತಿದ್ದವರಿಗೆ ಕಂಡದ್ದು ಬೇರೆಯೇ. ಸೂಪರ್‌ವೈಸರ್ ಗಾಡಿಯ ಮೇಲೆ ಕೈಯಿಟ್ಟು, ಗಡಿಯಾರ ನೋಡುತ್ತಾ, ಕಾಲು ಗಂಟೆ ಅಲುಗದೆ ನಿಂತಿದ್ದ. ಒಳಗಿಂದ ತಟ್ಟಿದ್ದು ಅವರಿಗೂ ಕೇಳಿಸಿತ್ತು. ಸಾರ್ ಇದ್ದಾರಲ್ಲ, ನೋಡ್ಕೋತಾರೆ ಎಂದುಕೊಂಡರು. ಕೊನೆಗೆ ಇಸ್ತ್ರಿ ಬಿಟ್ಟು ಓಡಿಬಂದು ಗಾಡಿ ಎಳೆದವಳು ಅಜ್ಜಿ. ಬಾಗಿಲಿಗೊರಗಿದ್ದ ಅಕ್ಕ ಬಾಗಿಲಿನ ಜೊತೆಗೇ ಹೊರಗೆ ಉರುಳಿದಳು. ಅಂಗೈ ಕಪ್ಪು. ಮುಖ ಬಿಳಿ.

ವಿಚಾರಣೆ ಲಾಂಡ್ರಿಯ ಆಫೀಸಿನಲ್ಲೇ ನಡೆಯಿತು. 'ನೋಡೋಣ' ಎಂದಿದ್ದ ಸುರಕ್ಷತಾ ಅಧಿಕಾರಿಯೇ ಬಂದಿದ್ದರು. ಟೇಬಲ್ಲಿನ ಈಚೆ ಯಜಮಾನರು, ಧೂಪದಯ್ಯ, ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡ ಸೂಪರ್‌ವೈಸರ್. ಹಾರುಹೊಡೆದು ತೆರೆದಿದ್ದ ಬಾಗಿಲಿನ ಹೊರಗೆ, ಬೆಂಚಿನ ಮೇಲೆ ತಾಯಿ. ಇಬ್ಬರು ಮಕ್ಕಳಲ್ಲಿ ಒಬ್ಬಳನ್ನು ಹೊಗೆ ತಿಂದಿತ್ತು, ಇನ್ನೊಬ್ಬಳನ್ನು ಹೊಗೆಯೂ ಅವಳ ಶಾಪವೂ ಸೇರಿ ತಿಂದಿದ್ದವು. ಅವಳು ಯಾರನ್ನೂ ನೋಡುತ್ತಿರಲಿಲ್ಲ. ಖಾಲಿ ಬೆರಳುಗಳಲ್ಲಿ ಇಲ್ಲದ ಗಂಟೊಂದನ್ನು ಬಿಚ್ಚುತ್ತಾ ಕೂತಿದ್ದಳು.

"ನಾನು ನೋಡ್ಕೊಳ್ಳಿ ಅಂತ ಹೇಳಿದ್ದೆ," ಎಂದ ಧೂಪದಯ್ಯ.

"ಇವರನ್ನ ನಂಬಿ ಬಿಟ್ಟಿದ್ವಿ," ಎಂದರು ಯಜಮಾನರು.

ಅಧಿಕಾರಿ ಬರೆಯುತ್ತಾ ಓದಿದರು: "ಅವಘಡ ಸಂಭವಿಸಿದೆ."

"ಸಂಭವಿಸಲಿಲ್ಲ ಸಾರ್. ಮಾಡಿದ್ವಿ," ಎಂದ ಸೂಪರ್‌ವೈಸರ್. ಅವನ ದನಿ ಒಡೆದಿತ್ತು. "ಇವರು ಕರೆಸಿದ್ರು. ಇವನು ಕೆಂಡ ಇಟ್ಟ. ನೀವು ನೋಡೋಣ ಅಂದ್ರಿ. ನಾನು ಬಾಗಿಲಲ್ಲಿ ನಿಂತಿದ್ದೆ. ನಾಲ್ಕು ಹೆಸರೂ ಬರೀರಿ. ನನ್ನದು ಮೊದಲು ಬರೀರಿ."

"ವರದೀಲಿ ಹಾಗೆಲ್ಲ ಬರೆಯೋಕಾಗಲ್ಲಪ್ಪ." ಅಧಿಕಾರಿ ಪೆನ್ನಿನ ಕ್ಯಾಪು ಹಾಕಿದರು. ಫೈಲಿನ ದಾರ ಸುತ್ತಿ ಗೋಡೆಯ ಗಡಿಯಾರ ನೋಡಿದರು, ಹನ್ನೊಂದೂ ಹತ್ತಾಗುತ್ತಿತ್ತು. "ನಿಮಗೆ ಆಘಾತ ಆಗಿದೆ. ಮನೆಗೆ ಹೋಗಿ ಮಲಗಿ. ಮಿಕ್ಕಿದ್ದನ್ನ ನಾನು—"

"ಬೇಡ ಸಾರ್!" ಸೂಪರ್‌ವೈಸರ್ ಟೇಬಲ್ ಮೇಲೆ ಬಾಗಿ ಅವರ ಬಾಯಿಗೆ ಕೈ ಅಡ್ಡ ಹಿಡಿಯಲು ಹೋದ. "ಆ ಒಂದು ಮಾತು ಮಾತ್ರ ಆಡಬೇಡಿ!"

ಅಧಿಕಾರಿ ಆ ಕೈಯನ್ನು ಮೆಲ್ಲನೆ ಸರಿಸಿ ನಕ್ಕರು. "ಅಧಿಕಾರಿ ಆದೋನು ಮತ್ತೇನು ಹೇಳ್ಬೇಕು ಮಾರಾಯ? ನಾನು ನೋಡ್ಕೋತೀನಿ."

ಟಕ್. ಟಕ್. ಟಕ್.

"ಯಾರದು?" ಎಂದರು ಅಧಿಕಾರಿ. "ಒಳಗೆ ಬನ್ನಿ."

ಯಜಮಾನರೂ ಧೂಪದಯ್ಯನೂ ಮುಖ ಮುಖ ನೋಡಿಕೊಂಡರು. ಕೋಣೆಯಲ್ಲಿದ್ದ ನಾಲ್ವರಲ್ಲಿ ಇಬ್ಬರು ಮಾತ್ರ ಬಾಗಿಲ ಕಡೆ ತಿರುಗಿದ್ದರು. ಬಾಗಿಲು ತೆರೆದೇ ಇತ್ತು.