ನಿಂತಲ್ಲೇ ನಿಂತ ಚುಕ್ಕಿ

ಬೇಕರಿಯ ವ್ಯಾನ್ ನಾನು ಓಡಿಸಬೇಕಾದರೆ ಅಣ್ಣನದೊಂದು ಷರತ್ತು: ಮ್ಯಾಪಿನಲ್ಲಿ ಲೈವ್ ಲೊಕೇಶನ್ ಸದಾ ಆನ್ ಇರಬೇಕು. ಕೇಕ್ ಎಲ್ಲಿಗೆ ಬಂತೆಂದು ಗಿರಾಕಿಗೆ ತಿಳಿಸಲಂತೆ. ಕೇಕಿನ ಚಿಂತೆ ಅವನಿಗೆ ಅಷ್ಟಕ್ಕಷ್ಟೇ. ನಾನು ಮೊಬೈಲ್ ರಿಪೇರಿ ಅಂಗಡಿಯ ಮುಂದೆ ನಿಲ್ಲುತ್ತೇನೋ ಎಂದು ಹದ್ದಿನ ಕಣ್ಣಿಟ್ಟು ಕಾಯುತ್ತಾನೆ. ಇನ್ನೊಮ್ಮೆ ನಿಂತರೆ ವ್ಯಾನಿನ ಕೀಲಿ ಕಿತ್ತುಕೊಳ್ಳುವುದಾಗಿ ಹೇಳಿದ್ದ.

ಆ ಮಧ್ಯಾಹ್ನ ಅಂಗಡಿಯ ಮೇಲಿನ ಮನೆಗೇ ಕೇಕ್ ಆರ್ಡರ್ ಬಂತು. ಕೊಟ್ಟು ಇಳಿದವಳು ನೇರ ರಿಪೇರಿಯವನ ಮುಂದೆ ಫೋನ್ ಇಟ್ಟು, ಅಣ್ಣನ ಕಣ್ಣಿಗೆ ಬೀಳದ ಹಾಗೆ ಏನಾದರೂ ಮಾಡಿ ಎಂದೆ. ನನ್ನನ್ನು ಕಂಡರೆ ಇವನು ಕಣ್ಣರಳಿಸುತ್ತಾನೆ, ಜಪ್ಪಯ್ಯ ಅಂದರೂ ಬಾಯಿ ಬಿಡುವುದಿಲ್ಲ, ಪುಣ್ಯಾತ್ಮ.

ಅಂಗಡಿಯ ವೈಫೈನಲ್ಲಿ ಇಡೀ ಊರಿನ ಮ್ಯಾಪ್ ಡೌನ್‌ಲೋಡ್ ಮಾಡಿದ. ಆಮೇಲೆ ಸೆಟ್ಟಿಂಗ್ಸ್‌ಗೆ ಹೋಗಿ, ಮ್ಯಾಪ್ ಒಂದಕ್ಕೆ ಮಾತ್ರ ಮೊಬೈಲ್ ಡೇಟಾ ಆಫ್ ಮಾಡಿದ.

"ನೆಟ್ ಇಲ್ದೇನೂ ದಾರಿ ಕಾಣುತ್ತೆ. ನೀವು ಮಾತ್ರ ಯಾರಿಗೂ ಕಾಣಲ್ಲ."

"ನಿಮಗೂ ಕಾಣಲ್ವಾ?"

ಅವನ ಕಿವಿ ಕೆಂಪಾಯಿತು. ಸ್ಕ್ರೂಡ್ರೈವರ್ ತಲೆಕೆಳಗಾಗಿ ಹಿಡಿದು ಏನನ್ನೋ ಬಿಗಿ ಮಾಡತೊಡಗಿದ. ನಾನು ನಗುತ್ತಲೇ ವ್ಯಾನ್ ಹತ್ತಿದೆ.

ಒಂದು ವಿಷಯ ಇಬ್ಬರಿಗೂ ಹೊಳೆದಿರಲಿಲ್ಲ. ಡೇಟಾ ಆಫ್ ಮಾಡಿದೊಡನೆ ಮ್ಯಾಪಿನಲ್ಲಿ ನನ್ನನ್ನು ತೋರಿಸುವ ಚುಕ್ಕಿ ಮಾಯವಾಗಲಿಲ್ಲ. ಕೊನೆಗೆ ಕಂಡ ಜಾಗದಲ್ಲೇ ಉಳಿಯಿತು. ನಾನು ಊರೆಲ್ಲ ಕೇಕ್ ಹಂಚುತ್ತಿದ್ದರೆ, ಅಣ್ಣನ ಫೋನಿನಲ್ಲಿ ನಾನು ಆ ಅಂಗಡಿಯಲ್ಲೇ ಬೇರು ಬಿಟ್ಟಿದ್ದೆ.

ಸಂಜೆ ಅಣ್ಣ ಫೋನ್ ಮಾಡಿ ಕೂಗಾಡಿದ. ನಾನು ಅಲ್ಲಿಲ್ಲ ಎಂದರೂ ನಂಬದೆ, ಎಳೆದುಕೊಂಡು ಬರಲು ಹೊರಟೇಬಿಟ್ಟೆನೆಂದ. ವ್ಯಾನ್ ಅತ್ತಲೇ ತಿರುಗಿಸಿದೆ.

ಅಂಗಡಿಯ ಬಾಗಿಲಿಗೆ ಬರುವಷ್ಟರಲ್ಲಿ ಅಣ್ಣ ಒಳಗಿನ ಪರದೆ ಸರಿಸಿ ನನ್ನನ್ನು ಹುಡುಕುತ್ತಿದ್ದ. ಇದು ಬರೀ ಸೆಟ್ಟಿಂಗ್ ವಿಷಯ ಎಂದು ರಿಪೇರಿಯವನು ಕೈ ತೊಳೆದುಕೊಳ್ಳಬಹುದಿತ್ತು. ಅವನು ಅಣ್ಣನ ಮುಖಕ್ಕೇ ಹೇಳಿದ:

"ಅವರು ಇಲ್ಲಿಲ್ಲ. ಇದ್ದಿದ್ರೆ ಚೆನ್ನಾಗಿರ್ತಿತ್ತು. ದಿನಾ ಹಾಗೇ ಅನ್ಸುತ್ತೆ."

ನನಗೆ ಅಷ್ಟೇ ಸಾಕಿತ್ತು. ಅಣ್ಣ ತಿರುಗಿ ನನ್ನನ್ನು ಕಂಡು, ಕೀಲಿಗಾಗಿ ಕೈ ಚಾಚಿದ. ಆ ವ್ಯಾನ್ ಎಂದರೆ ನನಗೆ ಜೀವ. ಆದರೂ ಕೀಲಿಯನ್ನು ಅವನ ಅಂಗೈಯಲ್ಲಿಟ್ಟು, ನಾಳೆಯಿಂದ ಕೇಕ್ ನೀನೇ ಹಂಚು ಎಂದೆ. ಫೋನ್ ತೆಗೆದು ಮ್ಯಾಪಿನ ಡೇಟಾ ಆನ್ ಮಾಡಿದೆ.

ಅಣ್ಣನ ಕೈಯಲ್ಲಿದ್ದ ಫೋನಿನಲ್ಲಿ ಚುಕ್ಕಿ ಒಮ್ಮೆ ಮಿನುಗಿ, ಅದೇ ಅಂಗಡಿಯ ಮೇಲೆ ಕೂತಿತು.

"ಇಷ್ಟೊತ್ತು ತೋರಿಸಿದ್ದು ಸುಳ್ಳು, ಅಣ್ಣ. ಇದು ನಿಜ. ಇನ್ಮೇಲೆ ಆಫ್ ಮಾಡಲ್ಲ, ನೋಡ್ತಾ ಇರು."

ರಿಪೇರಿಯವನ ಪಕ್ಕಕ್ಕೆ ಸ್ಟೂಲ್ ಎಳೆದುಕೊಂಡು ಕೂತೆ.